ನಿಯುವೆಯ ಬೆಳ್ಳಿ ನಾಣ್ಯಕ್ಕೊಂದು ಪರೀಕ್ಷೆ

ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ನ್ಯೂಜಿಲೆಂಡಿನ ಈಶಾನ್ಯಕ್ಕೆ ಸುಮಾರು 2,400 ಕಿ.ಮೀ. ದೂರದಲ್ಲಿ ನಿಯುವೆ ಎಂಬ ಹವಳದ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 260 ಚ.ಕಿ.ಮೀ.; ಜನಸಂಖ್ಯೆ 2,000ಕ್ಕೂ ಕಡಿಮೆ. ದಿನಬಳಕೆಯಲ್ಲಿರುವುದು ನ್ಯೂಜಿಲೆಂಡ್ ಡಾಲರ್. ಆದರೂ ಈ ದ್ವೀಪದ ಹೆಸರು ಹೊತ್ತ ಬೆಳ್ಳಿಯ ಸ್ಮರಣಾರ್ಥ ನಾಣ್ಯಗಳು ಜಗತ್ತಿನ ನಾಣ್ಯ ಸಂಗ್ರಾಹಕರ ಕೈಸೇರುತ್ತವೆ. ಇವನ್ನು ನಿಯುವೆಯ ಪರವಾಗಿ ಹೊರದೇಶಗಳ ಟಂಕಸಾಲೆಗಳು ಅಚ್ಚುಹಾಕುತ್ತವೆ.

2011ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರದ ಪಾತ್ರಗಳಿರುವ ನಾಣ್ಯಗಳು ಹೊರಬಂದವು. 2 ಡಾಲರಿನ ನಾಣ್ಯದಲ್ಲಿ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಬೆಳ್ಳಿ ಇತ್ತು. 1 ಡಾಲರಿನದಕ್ಕೆ ಇದ್ದದ್ದು ಬೆಳ್ಳಿಯ ಲೇಪ ಮಾತ್ರ. ಮುಖಬೆಲೆಯ ವ್ಯತ್ಯಾಸ ಒಂದೇ ಡಾಲರ್. ಲೋಹದ ಬೆಲೆಯ ವ್ಯತ್ಯಾಸ ಅದರ ಹಲವು ಪಟ್ಟು! ಹೊಳಪು ನೋಡಿ ಬೆಲೆ ಕಟ್ಟುವವರು ಮೋಸಹೋಗಬಹುದು. ಹಾಗಾದರೆ, ನಾಣ್ಯವನ್ನು ಗೀರದೆ, ಆಮ್ಲ ತಾಕಿಸದೆ ಬೆಳ್ಳಿಯನ್ನು ಗುರುತಿಸುವುದು ಹೇಗೆ?

ಆರ್ಕಿಮಿಡೀಸನ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ. 0.01 ಗ್ರಾಂವರೆಗೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿರುವ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ತೂಕ ಗೊತ್ತಿರುವ ನಾಣ್ಯವನ್ನು ತೆಳು ದಾರದಿಂದ ಇಳಿಬಿಟ್ಟು ಪೂರ್ತಿ ಮುಳುಗಿಸಿ. ಅದು ಲೋಟದ ತಳವನ್ನಾಗಲಿ ಬದಿಯನ್ನಾಗಲಿ ಮುಟ್ಟಬಾರದು, ಗಾಳಿಗುಳ್ಳೆಗಳೂ ಅಂಟಿರಬಾರದು. ನೀರು ನಾಣ್ಯವನ್ನು ಮೇಲಕ್ಕೆ ಒತ್ತುತ್ತದೆ. ನಾಣ್ಯ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ಹೀಗಾಗಿ ತಕ್ಕಡಿ ತೋರಿಸುವುದು ನಾಣ್ಯ ಪಲ್ಲಟಿಸಿದ ನೀರಿನ ತೂಕವನ್ನು. 1 ಗ್ರಾಂ ನೀರಿನ ಗಾತ್ರ ಸುಮಾರು 1 ಘನ ಸೆಂ.ಮೀ. ಆದ್ದರಿಂದ ಆ ಅಂಕಿಯೇ ನಾಣ್ಯದ ಗಾತ್ರ.

ಬೆಳ್ಳಿಯ ಸಾಂದ್ರತೆ ಘನ ಸೆಂ.ಮೀ.ಗೆ 10.49 ಗ್ರಾಂ, ತಾಮ್ರದ್ದು 8.96. ಆದ್ದರಿಂದ 31.1 ಗ್ರಾಂ ಶುದ್ಧ ಬೆಳ್ಳಿಗೆ ತಕ್ಕಡಿ ಸುಮಾರು 2.96 ತೋರಿಸಬೇಕು. ಅಷ್ಟೇ ತೂಕದ, ಬೆಳ್ಳಿ ಲೇಪಿಸಿದ ತಾಮ್ರವಾದರೆ 3.47ರ ಆಸುಪಾಸು ಬರುತ್ತದೆ.

ಇಷ್ಟಕ್ಕೇ ತೀರ್ಪು ಕೊಡಬೇಡಿ. ಸೀಸ ಬೆಳ್ಳಿಗಿಂತ ಸಾಂದ್ರ, ತವರ ಬೆಳ್ಳಿಗಿಂತ ವಿರಳ. ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಬೆಳ್ಳಿಯ ಸಾಂದ್ರತೆಯನ್ನೇ ಪಡೆಯಬಹುದು. ಆಗ ಎರಡನೆಯ ಪರೀಕ್ಷೆ ಬೇಕು. ಲೋಹಗಳಲ್ಲೆಲ್ಲ ಬೆಳ್ಳಿ ಅತ್ಯುತ್ತಮ ಉಷ್ಣವಾಹಕ. ಸೀಸದ ವಾಹಕತೆ ಅದರ ಹನ್ನೆರಡನೆಯ ಒಂದು ಭಾಗದಷ್ಟು. ನಾಣ್ಯದ ಮೇಲಿಟ್ಟ ಮಂಜುಗಡ್ಡೆಯ ಚೂರು ಬೆಳ್ಳಿಯಲ್ಲಿ ಬೇಗನೆ ಕರಗುತ್ತದೆ. ಆದರೆ ಈ ಪರೀಕ್ಷೆಯೊಂದೇ ಸಾಲದು, ಏಕೆಂದರೆ ತಾಮ್ರವೂ ಒಳ್ಳೆಯ ಉಷ್ಣವಾಹಕವೇ. ಒಂದು ಪರೀಕ್ಷೆಯ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಸಂಗ್ರಾಹಕರ ನಾಣ್ಯದ ಮೇಲೆ ಬೆರಳಚ್ಚು ಬಿದ್ದರೂ ಬೆಲೆ ಇಳಿಯುತ್ತದೆ. ಆದ್ದರಿಂದ ತರಗತಿಯಲ್ಲಿ ಮನೆಯ ಹಳೆಯ ಬೆಳ್ಳಿ ಚಮಚವನ್ನೋ ಕಾಲುಂಗುರವನ್ನೋ ಬಳಸಿ. ಅದರಲ್ಲಿ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ತಾಮ್ರವಾಗಿದ್ದರೆ ಸಾಂದ್ರತೆ ಎಷ್ಟಿರಬೇಕು? ಮೊದಲು ಲೆಕ್ಕ ಹಾಕಿ, ಬಳಿಕ ಮುಳುಗಿಸಿ ನೋಡಿ.