ತೊಲೆಯೊಳಗಿನ ಗಿಡ

ಪದವಿ ಮುಗಿದು ಎರಡು ವರ್ಷವಾಯಿತು. ಕೆಲಸ ಸಿಗದಾಗಲೆಲ್ಲ ರೆಸ್ಯೂಮೆಗೆ ಇನ್ನೊಂದು ಸರ್ಟಿಫಿಕೇಟ್ ಸೇರಿಸುತ್ತಿದ್ದೆ. ಆಗಲೇ ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೋನೆ ಅವರ ಬಗ್ಗೆ ಓದಿದ್ದು.

ಗರೆಸ್ಸಿಯೊ ಎಂಬ ಬೆಟ್ಟದೂರಿನ ರೈತ ಮನೆತನದವರು ಅವರು. 1968ರಲ್ಲಿ, 21ನೇ ವಯಸ್ಸಿನಲ್ಲಿ, ಕಾಡಿಗೆ ಹೋಗಿ ಎಳೆಯ ಮರವೊಂದರ ಕಾಂಡಕ್ಕೆ ತಮ್ಮ ಕೈಯ ಲೋಹದ ಅಚ್ಚು ಬಿಗಿದು ಬಂದರು. ದುಬಾರಿ ಅಮೃತಶಿಲೆ ಇಲ್ಲ, ಗ್ಯಾಲರಿ ಇಲ್ಲ. ವರ್ಷಗಳುರುಳಿದಂತೆ ಮರವೇ ದಪ್ಪವಾಗಿ ಆ ಕೈಯನ್ನು ಸುತ್ತುವರಿಯಿತು.

ಮರುವರ್ಷ ಇನ್ನೊಂದು ಪ್ರಯೋಗ. ಕೊಯ್ದ ತೊಲೆಯಲ್ಲಿ ಒಂದು ಉಂಗುರವನ್ನು ಆಯ್ದು, ಗಂಟುಗಳನ್ನು ಉಳಿಸಿಕೊಂಡು, ಅದರ ಹೊರಗಿನದನ್ನೆಲ್ಲ ಕೆತ್ತಿ ತೆಗೆದರು. ಒಳಗೆ ಕೊಂಬೆಗಳ ಸಮೇತ ಎಳೆಗಿಡ ನಿಂತಿತ್ತು! ಪ್ರತಿ ಗಂಟೂ ಹಿಂದೊಮ್ಮೆ ಕೊಂಬೆಯಾಗಿದ್ದದ್ದೇ.

ಅದೇ ಕೆಲಸವನ್ನು ದಶಕಗಳ ಕಾಲ ಬಿಡದೆ ಮಾಡಿದರು. 2007ರಲ್ಲಿ ವೆನಿಸ್ ಬಿಯೆನಾಲೆಯ ಇಟಲಿ ಪೆವಿಲಿಯನ್, 2013ರಲ್ಲಿ ವರ್ಸೇಲ್ಸ್ ಅರಮನೆಯ ಉದ್ಯಾನ, 2014ರಲ್ಲಿ ಜಪಾನಿನ ಪ್ರೀಮಿಯಂ ಇಂಪೀರಿಯಾಲೆ ಪ್ರಶಸ್ತಿ. ಆಗ ಅವರಿಗೆ 67 ವರ್ಷ.

ಅವರು ಸೇರಿಸಲಿಲ್ಲ, ತೆಗೆಯುತ್ತಾ ಹೋದರು. ನಾನೂ ಹಾಗೆ ಹುಡುಕಿದೆ. ಹೈಸ್ಕೂಲಿನಲ್ಲಿ ಗೆಳೆಯರಿಗೆ ಲೆಕ್ಕ ಬಿಡಿಸಿ ಹೇಳುತ್ತಿದ್ದ ಹುಡುಗಿ ಸಿಕ್ಕಳು. ಈಗ ಸಂಜೆ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತೇನೆ, ಬಿ.ಇಡಿ.ಗೆ ಅರ್ಜಿ ಹಾಕಿದ್ದೇನೆ.