ಕಾನೂನನ್ನು ಹುಡುಕಲು ಕಲಿಸುವ ಗ್ರಂಥಪಾಲಕರು ನಮಗೆ ಬೇಕು

ಕನ್ನಡದಲ್ಲಿ ಬರೆದ ಅರ್ಜಿಯನ್ನು ಕಚೇರಿಯ ಮೇಜಿನಾಚೆಯಿಂದ ಹಿಂದಕ್ಕೆ ತಳ್ಳಿ, ‘ಹಾಗೆ ಕೊಡಲು ನಿಯಮವಿಲ್ಲ’ ಎಂದು ಹೇಳಿದಾಗ ನಾವು ಏನು ಮಾಡುತ್ತೇವೆ? ಬಹುತೇಕ ಸಲ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತೇವೆ. ನಿಯಮ ಇದೆಯೋ ಇಲ್ಲವೋ ಎಂಬುದು ನಮಗೂ ಗೊತ್ತಿರುವುದಿಲ್ಲ, ಹೇಳಿದವರಿಗೂ ಗೊತ್ತಿರುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರೂ ಹೆತ್ತವರೂ ಆದ ನಮ್ಮಲ್ಲಿ ಈ ಅನುಭವವಿಲ್ಲದವರು ವಿರಳ.

ವಾಸ್ತವವಾಗಿ 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಉಪಬಂಧವೊಂದನ್ನು ಇರಿಸಲಾಯಿತು. ತಮಿಳು ಹಾಗೂ ಕನ್ನಡ ಭಾಷಿಕರು ಸೆಕ್ರೆಟೇರಿಯೇಟ್, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂಬುದು ಅದರ ತಾತ್ಪರ್ಯ. ಆದರೆ ಇದನ್ನು ಹುಡುಕಲು ಹೊರಟವರು ‘ಕನ್ನಡ’ ಎಂಬ ಪದವನ್ನು ಒತ್ತಿದರೆ ಕಾಯಿದೆ ಸುಲಭವಾಗಿ ಕೈಗೆ ಸಿಗದು. ಅದರ ಶೀರ್ಷಿಕೆಯಲ್ಲಿ ಕನ್ನಡವೆಂಬ ಪದವೇ ಇಲ್ಲ. ಕಾನೂನು ಇರುವುದು ಬೇರೆ, ಅದು ಕೈಗೆ ಎಟಕುವುದು ಬೇರೆ. ಈ ನಡುವಣ ಅಂತರವನ್ನು ತುಂಬಬೇಕಾದವರು ಗ್ರಂಥಪಾಲಕರು.

ಅಂತರ್ಜಾಲದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಕೇಂದ್ರದ ಹಾಗೂ ರಾಜ್ಯಗಳ ಕಾಯಿದೆಗಳು ‘ಇಂಡಿಯಾ ಕೋಡ್’ ತಾಣದಲ್ಲಿವೆ. ಸರ್ವೋಚ್ಚ ನ್ಯಾಯಾಲಯದ ಅಧಿಕೃತ ತೀರ್ಪು ವರದಿಗಳು 2023ರಿಂದ ‘ಇ-ಎಸ್‌ಸಿಆರ್’ ಮೂಲಕ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. 2008ರಲ್ಲಿ ಆರಂಭವಾದ ‘ಇಂಡಿಯನ್ ಕಾನೂನ್’ ಸಾಮಾನ್ಯ ಓದುಗನಿಗೂ ಬಾಗಿಲು ತೆರೆದಿಟ್ಟಿದೆ. ಮನುಪಾತ್ರ, ಎಸ್‌ಸಿಸಿ ಆನ್‌ಲೈನ್‌ಗಳಂತಹ ಚಂದಾ ತಾಣಗಳು ವಕೀಲರ ಪಾಲಿಗಿರಲಿ. ನಮ್ಮ ಅಗತ್ಯದ ಬಹುಭಾಗಕ್ಕೆ ಉಚಿತ ತಾಣಗಳೇ ಸಾಕು.

ಹಾಗಾದರೆ ಗ್ರಂಥಪಾಲಕರಿಗೆ ತರಬೇತಿ ಏತಕ್ಕೆ? ಅಮೆರಿಕದಲ್ಲಿ 1973ರಲ್ಲಿ ಲೆಕ್ಸಿಸ್, 1975ರಲ್ಲಿ ವೆಸ್ಟ್‌ಲಾ ಎಂಬ ವಿದ್ಯುನ್ಮಾನ ಕಾನೂನು ಭಂಡಾರಗಳು ಬಂದ ಮೇಲೆ, ಅವುಗಳನ್ನು ಮಾರುವ ಸಂಸ್ಥೆಗಳ ಪ್ರತಿನಿಧಿಗಳೇ ಕಾನೂನು ಕಾಲೇಜುಗಳಿಗೆ ಬಂದು ಪಾಠ ಮಾಡತೊಡಗಿದರು. ಯಾವ ಗುಂಡಿ ಒತ್ತಿದರೆ ಏನು ಬರುತ್ತದೆ ಎಂಬುದನ್ನು ಅವರು ಚೆನ್ನಾಗಿಯೇ ಕಲಿಸಿದರು. ಆದರೆ ತಾಣದ ಮುಖಪುಟ ಬದಲಾದೊಡನೆ ಗುಂಡಿಯ ಪಾಠ ಹಳತಾಗುತ್ತದೆ. ಸಿಕ್ಕಿದ್ದು ಕಾನೂನೇ, ಅಭಿಪ್ರಾಯವೇ, ರದ್ದಾದ ನಿಯಮವೇ ಎಂದು ವಿವೇಚಿಸುವ ಶಕ್ತಿ ಅದರಿಂದ ಬರುವುದಿಲ್ಲ. ಆದುದರಿಂದಲೇ ಅಲ್ಲಿನ ಕಾನೂನು ಗ್ರಂಥಪಾಲಕರು ಬೋಧನೆಯನ್ನು ತಮ್ಮ ವೃತ್ತಿಯ ಮುಖ್ಯ ಭಾಗವೆಂದು ಸ್ವೀಕರಿಸಿದರು. ಹುಡುಕಬಲ್ಲವರೆಲ್ಲ ಹುಡುಕಲು ಕಲಿಸಬಲ್ಲವರಲ್ಲ ಎಂಬುದು ಬಿ.ಎಡ್. ಮಾಡಿದ ನಮಗೆ ಹೊಸ ಮಾತೇನಲ್ಲ.

ಕಲಿಸುವ ಗ್ರಂಥಪಾಲಕರು ಮೊದಲು ಗಣಕಯಂತ್ರವನ್ನು ಮುಟ್ಟಬಾರದು. ಬಂದವರ ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿಸಬೇಕು. ‘ನಮ್ಮ ಮಕ್ಕಳಿಗೆ ಅನ್ಯಾಯವಾಗಿದೆ’ ಎಂಬುದು ಪ್ರಶ್ನೆಯಲ್ಲ. ‘ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಬಹುದೇ?’ ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಸಂವಿಧಾನದಲ್ಲಿದೆಯೋ, ಕಾಯಿದೆಯಲ್ಲೋ, ಅದರಡಿಯ ನಿಯಮದಲ್ಲೋ, ಸರಕಾರಿ ಆದೇಶದಲ್ಲೋ, ತೀರ್ಪಿನಲ್ಲೋ ಎಂದು ಊಹಿಸಿಕೊಳ್ಳುವುದು ಎರಡನೆಯ ಹೆಜ್ಜೆ. ಆಮೇಲೆ ಬರುವುದೇ ಪದಗಳ ಕಷ್ಟ. ಪ್ರಶ್ನೆ ಕನ್ನಡದಲ್ಲಿ, ಆದೇಶ ಮಲಯಾಳದಲ್ಲಿ, ತೀರ್ಪು ಇಂಗ್ಲಿಷಿನಲ್ಲಿ! ಕಾಸರಗೋಡು ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತವಿದೆ. ಹಳೆಯ ದಾಖಲೆಗಳಲ್ಲಿ ನಮ್ಮ ಭಾಷೆ ‘ಕೆನರೀಸ್’, ನಮ್ಮ ಜಿಲ್ಲೆ ‘ಸೌತ್ ಕೆನರಾ’. ಇವುಗಳಲ್ಲಿ ಒಂದನ್ನು ಮಾತ್ರ ಒತ್ತಿ ‘ಏನೂ ಇಲ್ಲ’ ಎಂದು ಎದ್ದುಹೋದವರನ್ನು ನಾವು ಕಂಡಿದ್ದೇವೆ. ಮೊದಮೊದಲು ನಾವೂ ಹಾಗೆಯೇ ಎದ್ದುಹೋಗಿದ್ದೆವು.

ಸಿಕ್ಕಿದ್ದನ್ನು ಓದಲು ಕಲಿಸುವುದು ಇನ್ನೂ ಕಠಿನ. ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಈ ವಿಧಿಯನ್ನು ಹುಡುಕಿದೊಡನೆ 2014ರ ಮೇ 6ರ ಸಂವಿಧಾನ ಪೀಠದ ತೀರ್ಪು ಎದುರಾಗುತ್ತದೆ. ಕರ್ನಾಟಕ ಸರಕಾರ ಮತ್ತು ಇಂಗ್ಲಿಷ್ ಮಾಧ್ಯಮ ಶಾಲೆಗಳ ಆಡಳಿತ ಸಂಘದ ನಡುವಣ ಮೊಕದ್ದಮೆ ಅದು. ತಲೆಬರಹ ಮಾತ್ರ ಓದಿದವರು ‘ಮಾತೃಭಾಷಾ ಮಾಧ್ಯಮದ ಹಕ್ಕು ಹೋಯಿತು’ ಎಂದುಕೊಳ್ಳುತ್ತಾರೆ. ಪೂರ್ತಿ ಓದಿದರೆ ನ್ಯಾಯಾಲಯ ನಿರಾಕರಿಸಿದ್ದು ಮಾತೃಭಾಷೆಯನ್ನು ಹೇರುವ ಅಧಿಕಾರವನ್ನು; ಸೌಕರ್ಯ ಒದಗಿಸಬೇಕೆಂಬ ವಿಧಿಯನ್ನಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸಬೇಕಾದವರು ಹೆತ್ತವರು ಅಥವಾ ಪೋಷಕರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುತ್ತ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಮ್ಮೂರಿನ ಕುಟುಂಬಗಳು ಈ ಸಾಲನ್ನು ತಾವೇ ಕಣ್ಣಾರೆ ಓದಬೇಕು.

ಓದಿದ್ದು ಇಂದಿಗೂ ಜಾರಿಯಲ್ಲಿದೆಯೇ ಎಂದು ನೋಡುವುದು ಪ್ರತ್ಯೇಕ ಪಾಠ. ಮೇಲೆ ಹೇಳಿದ 1969ರ ಕಾಯಿದೆಯನ್ನೇ ಆಗಲಿ, ತಿದ್ದುಪಡಿ ಬಂದಿದೆಯೇ, ಅದರ ಸ್ಥಾನದಲ್ಲಿ ಹೊಸ ಕಾಯಿದೆ ಬಂದಿದೆಯೇ ಎಂದು ನೋಡದೆ ಅರ್ಜಿಯಲ್ಲಿ ಉದ್ಧರಿಸಕೂಡದು. ಸದನದಲ್ಲಿ ಅಂಗೀಕೃತವಾದ ಮಸೂದೆ ಪತ್ರಿಕೆಯಲ್ಲಿ ಸುದ್ದಿಯಾದ ಮಾತ್ರಕ್ಕೆ ಕಾನೂನಲ್ಲ. ಅಂಕಿತ ಬಿದ್ದು ಗಜೆಟ್‌ನಲ್ಲಿ ಪ್ರಕಟವಾಗಬೇಕು. ತೀರ್ಪುಗಳ ಕನ್ನಡ ಅನುವಾದಗಳು ಈಗ ದೊರೆಯುತ್ತಿರುವುದು ಸಂತೋಷವೇ. ಆದರೆ ಅಧಿಕೃತ ಪಾಠ ಇಂಗ್ಲಿಷಿನದೇ. ಕೃತಕ ಬುದ್ಧಿಮತ್ತೆಯನ್ನು ಕೇಳಿ ಬರೆದುಕೊಳ್ಳುವ ಅಭ್ಯಾಸ ಹೆತ್ತವರಲ್ಲೂ ಬೆಳೆಯುತ್ತಿದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ವಕೀಲರ ಗತಿಯೇ ಅದಾದರೆ ನಮ್ಮದು ಹೇಳಬೇಕೆ!

ಒಂದು ಗಡಿಯನ್ನು ಗ್ರಂಥಪಾಲಕರು ದಾಟಕೂಡದು. ‘ಕಾನೂನು ಇಲ್ಲಿದೆ, ಓದುವ ಕ್ರಮ ಹೀಗೆ’ ಎನ್ನುವುದು ಅವರ ಕೆಲಸ. ‘ಮೊಕದ್ದಮೆ ಹಾಕಿ, ಗೆಲ್ಲುತ್ತೀರಿ’ ಎನ್ನುವುದು ಅವರ ಕೆಲಸವಲ್ಲ.

ಕೇರಳದಲ್ಲಿ 1945ರಿಂದ ಸಂಘಟಿತವಾಗಿ ಬೆಳೆದ ಗ್ರಂಥಶಾಲಾ ಚಳವಳಿಯ ಫಲವಾಗಿ ಹಳ್ಳಿಹಳ್ಳಿಗಳಲ್ಲಿ ವಾಚನಾಲಯಗಳಿವೆ; ನಮ್ಮ ಕನ್ನಡ ವಾಚನಾಲಯಗಳೂ ಅವುಗಳ ನಡುವೆ ಇವೆ. ಓದುಗನ ಸಮಯವನ್ನು ಉಳಿಸಬೇಕೆಂದು 1931ರಲ್ಲಿಯೇ ಸೂತ್ರ ಹಾಕಿಕೊಟ್ಟ ಎಸ್.ಆರ್. ರಂಗನಾಥನ್ ಗ್ರಂಥಪಾಲಕರಾಗುವ ಮುನ್ನ ಗಣಿತದ ಅಧ್ಯಾಪಕರಾಗಿದ್ದರು. ನಮ್ಮ ಬೇಡಿಕೆ ದೊಡ್ಡದಲ್ಲ. ಗ್ರಂಥಪಾಲಕರ ತರಬೇತಿಯಲ್ಲಿ ಎರಡು ದಿನ ಇದಕ್ಕೆ ಮೀಸಲಾಗಲಿ. ಒಂದು ದಿನ ಹುಡುಕಲು, ಮರುದಿನ ಕಲಿಸಲು. ಎರಡನೆಯ ದಿನ ರಕ್ಷಕ-ಶಿಕ್ಷಕ ಸಂಘದಿಂದ ನಾಲ್ವರು ತಾಯಂದಿರು ತಮ್ಮ ನಿಜವಾದ ಪ್ರಶ್ನೆಗಳೊಂದಿಗೆ ಬಂದು ಕೂರಲಿ. ಮೌಸ್ ಅವರ ಕೈಯಲ್ಲಿರಲಿ; ಗ್ರಂಥಪಾಲಕರು ಕೈಕಟ್ಟಿ ಪಕ್ಕದಲ್ಲಿ ನಿಲ್ಲಲಿ. ಅಲ್ಲಿಯವರೆಗೆ ಪ್ರತಿ ವಾಚನಾಲಯದಲ್ಲಿ ಒಂದು ದಪ್ಪ ನೋಟುಪುಸ್ತಕವನ್ನಾದರೂ ಇಡೋಣ: ಒಂದು ಕಾಲಂನಲ್ಲಿ ಕನ್ನಡ ಪದ, ಪಕ್ಕದಲ್ಲಿ ಮಲಯಾಳ, ಅದರ ಪಕ್ಕದಲ್ಲಿ ಇಂಗ್ಲಿಷ್, ಕೊನೆಯಲ್ಲಿ ಆ ಪದದಿಂದ ಏನು ಸಿಕ್ಕಿತು ಮತ್ತು ಯಾವ ದಿನ ಸಿಕ್ಕಿತು.