ಟೆಕ್ಸಾಸಿನ ಡ್ರಾಯಿಂಗ್ ಪೀರಿಯಡ್

ಇಸ್ತ್ರಿ ಅಂಗಿ ತೊಟ್ಟ ಹುಡುಗ, ಜಡೆ ಬಿಗಿದ ಹುಡುಗಿ, ತಲೆಗೂದಲಿಗೆ ನೀಲಿ ಬಳಿದುಕೊಂಡ ಇನ್ನೊಬ್ಬಳು. ಎಲ್ಲರ ತೊಡೆಯ ಮೇಲೂ ಒಂದೊಂದು ಚಿತ್ರ. ಟೆಕ್ಸಾಸಿನಲ್ಲಿ ಫೆಬ್ರವರಿ ಬಂತೆಂದರೆ ಹೈಸ್ಕೂಲುಗಳ ಕಾರಿಡಾರಿನಲ್ಲಿ ಕಾಣುವ ಸಾಲು ಇದು. ಸರದಿ ಬಂದವರು ಒಳಗೆ ಹೋಗಿ ತೀರ್ಪುಗಾರರ ಎದುರು ಚಿತ್ರ ಇಟ್ಟು ಕೂರಬೇಕು. ಆಮೇಲೆ ಪ್ರಶ್ನೆಗಳು. ಇದನ್ನೇ ಯಾಕೆ ಆರಿಸಿಕೊಂಡೆ? ಈ ಮೂಲೆ ಖಾಲಿ ಬಿಟ್ಟದ್ದು ಬೇಕೆಂದೇ ಬಿಟ್ಟದ್ದೋ, ಹೊತ್ತು ಸಾಲದೆಯೋ? ಇನ್ನೊಮ್ಮೆ ಮಾಡುವುದಾದರೆ ಏನು ಬದಲಿಸುತ್ತೀಯ?

ಟೆಕ್ಸಾಸ್ ಕಲಾ ಶಿಕ್ಷಕರ ಸಂಘ ನಡೆಸುವ ಈ ಕಾರ್ಯಕ್ರಮವನ್ನು ಎಲ್ಲರೂ ಚಿಕ್ಕದಾಗಿ ‘ವೇಸ್’ ಅನ್ನುತ್ತಾರೆ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳಿಗೆ ಮೀಸಲು. ಅಮೆರಿಕದಲ್ಲಿ ಹೈಸ್ಕೂಲು ಅಂದರೆ ಈ ನಾಲ್ಕು ವರ್ಷ. ಇಲ್ಲಿ ಪ್ರಥಮ, ದ್ವಿತೀಯ, ಸಮಾಧಾನಕರ ಎಂಬ ಬಹುಮಾನಗಳಿಲ್ಲ. ಮಗುವಿನ ಕೆಲಸವನ್ನು ಪಕ್ಕದ ಮಗುವಿನ ಕೆಲಸದ ಜೊತೆ ತೂಗುವುದೂ ಇಲ್ಲ. ಮೊದಲೇ ಗೊತ್ತುಮಾಡಿದ ಅಳತೆಗಳಿಟ್ಟು ಒಂದರಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ನಾಲ್ಕು ಬಂದವರಲ್ಲಿ ಕೆಲವರ ಚಿತ್ರ ರಾಜ್ಯಮಟ್ಟಕ್ಕೆ ಹೋಗುತ್ತದೆ, ಅಲ್ಲಿಯೂ ಮೆಚ್ಚುಗೆಯಾದ ಕೆಲವಕ್ಕೆ ಗೋಲ್ಡ್ ಸೀಲ್. ಚಿತ್ರ ಮಗುವಿನ ಸ್ವಂತದ್ದೇ, ಅದರ ಹಿಂದೆ ಯೋಚನೆ ಇದೆಯೇ ಎಂಬುದು ಆ ಕೆಲವು ನಿಮಿಷದ ಮಾತಿನಲ್ಲಿ ಹೊರಬಿದ್ದುಬಿಡುತ್ತದೆ. ಇಂಟರ್‌ನೆಟ್ಟಿನಿಂದ ಫೋಟೋ ಎತ್ತಿ ಅಚ್ಚುಕಟ್ಟಾಗಿ ನಕಲು ಮಾಡಿದವರು ತಡವರಿಸುವುದು ಇಲ್ಲಿಯೇ.

ನಮ್ಮ ಊರಿನ ಕಥೆ ಬೇರೆ. ಕರ್ನಾಟಕದಲ್ಲಿ ಚಿತ್ರಕಲೆಗೆ ಮನಸ್ಸಿದ್ದ ಮಕ್ಕಳಿಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು. ವಸ್ತುಚಿತ್ರ, ನಿಸರ್ಗಚಿತ್ರ, ವಿನ್ಯಾಸ, ರೇಖಾಗಣಿತ. ಎದುರಿಗಿಟ್ಟ ಹೂಜಿಯ ಬಾಯಿ ಸರಿಯಾದ ಅಂಡಾಕಾರದಲ್ಲಿ ಬಂದಿದೆಯೇ, ನೆರಳು ಸರಿಯಾದ ಮಗ್ಗುಲಿಗೆ ಬಿದ್ದಿದೆಯೇ ಎಂದು ನೋಡುತ್ತಾರೆ. ಹೂಜಿಯನ್ನೇ ಯಾಕೆ ಬರೆದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ, ಮೇಷ್ಟ್ರು ಇಟ್ಟಿದ್ದರು ಎನ್ನುವುದೇ ಉತ್ತರ. ಆ ಪದ್ಧತಿಯನ್ನು ನಾನು ಹಗುರ ಮಾಡುವುದಿಲ್ಲ. ಗಣಿತದ ಮೇಷ್ಟ್ರಿಗೆ ಬಿಟ್ಟುಕೊಟ್ಟು ಉಳಿದ ಪೀರಿಯಡ್ಡುಗಳಲ್ಲೇ ನಮ್ಮ ಡ್ರಾಯಿಂಗ್ ಮೇಷ್ಟ್ರುಗಳು ಎಷ್ಟೋ ಮಕ್ಕಳ ಕೈ ಪಳಗಿಸಿದರು. ಟೆಕ್ಸಾಸಿನಲ್ಲಿ ನನಗೆ ಕಾಣುವ ಕೊರತೆಯೂ ಅದೇ: ಎಷ್ಟೋ ಮಕ್ಕಳಿಗೆ ಕೈ ಪಳಗುವ ಮೊದಲೇ ಮಾತು ಪಳಗಿಬಿಡುತ್ತದೆ. ಆದರೂ ಹದಿನೈದು ವರ್ಷದ ಮಗುವನ್ನು ಕೂರಿಸಿಕೊಂಡು ದೊಡ್ಡವರೊಬ್ಬರು ಅದರ ಚಿತ್ರದ ಬಗ್ಗೆ ಗಂಭೀರವಾಗಿ ಮಾತಾಡುವುದು ಸಣ್ಣ ಸಂಗತಿಯಲ್ಲ.

ಇದಕ್ಕೆಲ್ಲ ನೆಲೆ ಒದಗಿಸಿರುವುದು ರಾಜ್ಯದ ನಿಯಮ. ಹೈಸ್ಕೂಲು ಮುಗಿಸಲು ಬೇಕಾದ ಕನಿಷ್ಠ 22 ಕ್ರೆಡಿಟ್‌ಗಳಲ್ಲಿ ಒಂದು ಲಲಿತಕಲೆಯದ್ದಾಗಿರಲೇಬೇಕು. ಬ್ಯಾಂಡ್, ಆರ್ಕೆಸ್ಟ್ರಾ, ನಾಟಕ, ನೃತ್ಯ ಏನಾದರೂ ಆದೀತು. ಚಿತ್ರಕಲೆ ಆರಿಸಿಕೊಂಡವರು ‘ಆರ್ಟ್ ಒನ್’ನಿಂದ ಶುರುಮಾಡುತ್ತಾರೆ. ಪಠ್ಯಕ್ರಮಕ್ಕೆ ನಾಲ್ಕು ಕಾಲು: ನೋಡುವುದು, ಮಾಡುವುದು, ಚರಿತ್ರೆ ಮತ್ತು ಸಂಸ್ಕೃತಿಯನ್ನು ಅರಿಯುವುದು, ವಿಮರ್ಶಿಸುವುದು. ಮಾಡುವುದು ನಾಲ್ಕರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು.

ತರಗತಿಯೊಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಮೆತ್ತಿದ ದೊಡ್ಡ ಸಿಂಕು. ಉದ್ದನೆಯ ಮೇಜುಗಳು, ಒದ್ದೆ ಚಿತ್ರ ಒಣಗಿಸುವ ತಂತಿ ತಟ್ಟೆಗಳ ರ್‍ಯಾಕು, ಮಣ್ಣಿನ ಕೆಲಸವಿದ್ದರೆ ಹಿಂದಿನ ಕೋಣೆಯಲ್ಲೊಂದು ವಿದ್ಯುತ್ ಕುಲುಮೆ. ವರ್ಷದ ಶುರುವಿನಲ್ಲಿ ಕಾಗದ ನೋಡದೆ, ಕಣ್ಣನ್ನು ವಸ್ತುವಿನ ಮೇಲೇ ಇಟ್ಟು ಒಂದೇ ಗೆರೆಯಲ್ಲಿ ಬರೆಯುವ ಅಭ್ಯಾಸ. ತಮ್ಮದೇ ಎಡಗೈ ಆಲೂಗಡ್ಡೆ ಚೀಲವಾಗಿ ಮೂಡಿದ್ದು ಕಂಡು ತರಗತಿಯೆಲ್ಲ ನಗುತ್ತದೆ. ಆಮೇಲೆ ಬಿಳಿಯಿಂದ ಕಪ್ಪಿಗೆ ಇಳಿಯುವ ಛಾಯೆಗಳ ಪಟ್ಟಿ, ದೂರದ ಬಿಂದುವಿನಲ್ಲಿ ಕೂಡುವ ರಸ್ತೆಗಳು, ಕನ್ನಡಿ ನೋಡಿ ಬರೆದ ಸ್ವಂತ ಮುಖ, ಲಿನೋಲಿಯಂ ಕೆತ್ತಿ ತೆಗೆದ ಅಚ್ಚು.

ಕೆಲಸ ಮುಗಿದ ಮೇಲೆ ‘ಕ್ರಿಟಿಕ್’. ಎಲ್ಲರ ಚಿತ್ರವನ್ನೂ ಗೋಡೆಗೆ ಚುಚ್ಚಿ ಒಬ್ಬೊಬ್ಬರೂ ಬೇರೆಯವರ ಚಿತ್ರದ ಬಗ್ಗೆ ಮಾತಾಡಬೇಕು. ‘ಚೆನ್ನಾಗಿದೆ’ ಎಂದು ತೇಲಿಸುವಂತಿಲ್ಲ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಹೇಳಬೇಕು. ದೊಡ್ಡವರೆದುರು ಬಾಯಿ ಬಿಡಬಾರದು ಎಂಬ ಶಿಸ್ತಿನ ಮನೆಗಳ ಮಕ್ಕಳಿಗೆ ಮೊದಲ ಕೆಲವು ತಿಂಗಳು ಇದು ಕಷ್ಟ.

ಈಗ ನಮ್ಮವರ ಮನೆಗೆ ಬರೋಣ. ಡಾಲಸ್ಸಿನ ಸುತ್ತ ಫ್ರಿಸ್ಕೊ, ಪ್ಲೇನೊ. ಹ್ಯೂಸ್ಟನ್ನಿನ ಸುತ್ತ ಕೇಟಿ, ಶುಗರ್‌ಲ್ಯಾಂಡ್. ಆಸ್ಟಿನ್ನಿನ ಉತ್ತರಕ್ಕೆ ರೌಂಡ್‌ರಾಕ್, ಸೀಡರ್‌ಪಾರ್ಕ್. ಕನ್ನಡ ಕುಟುಂಬಗಳು ನೆಲೆಸಿರುವ ಈ ಊರುಗಳ ಶಾಲೆಗಳಲ್ಲಿ ಆರ್ಟ್ ಕೋಣೆಗಳಿಗೇನೂ ಬಡತನವಿಲ್ಲ. ಆದರೆ ಮುಂದಿನ ವರ್ಷದ ವಿಷಯ ಆರಿಸುವ ಫಾರಂ ಮನೆಗೆ ಬಂದ ರಾತ್ರಿ, ಊಟದ ಮೇಜಿನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗೆ:

‘ಆರ್ಟ್ ತಗೊಂಡ್ರೆ ಜಿಪಿಎ ಇಳಿಯುತ್ತಲ್ಲ ಪುಟ್ಟಿ.’

‘ಅಪ್ಪಾ, ನಂಗೆ ನೂರಕ್ಕೆ ನೂರು ಬರತ್ತೆ.’

‘ನೂರು ಬಂದ್ರೂ ಇಳಿಯುತ್ತೆ.’

ಅಪ್ಪ ಹೇಳುವುದು ಸುಳ್ಳಲ್ಲ. ಬಹಳಷ್ಟು ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ ಎಪಿ, ಅಂದರೆ ಕಾಲೇಜು ಮಟ್ಟದ ಕಠಿಣ ವಿಷಯಗಳ ಅಂಕಕ್ಕೆ ಹೆಚ್ಚು ತೂಕ. ಆರ್ಟ್ ಒನ್‌ನಂಥ ಸಾಮಾನ್ಯ ತರಗತಿಗೆ ಕಡಿಮೆ. ಎಪಿ ಭೌತವಿಜ್ಞಾನದ ಪಕ್ಕದಲ್ಲಿ ಆರ್ಟ್ ಒನ್‌ನ ಪೂರ್ಣಾಂಕವನ್ನು ಇಟ್ಟರೂ ಒಟ್ಟು ಸರಾಸರಿ, ಅಂದರೆ ಜಿಪಿಎ, ಕೆಳಕ್ಕೆ ಜಗ್ಗುತ್ತದೆ. ಸರಾಸರಿ ಜಗ್ಗಿದರೆ ಶಾಲೆಯೊಳಗಿನ ರ್‍ಯಾಂಕು ಜಾರುತ್ತದೆ. ರ್‍ಯಾಂಕಿಗೆ ಇಷ್ಟು ಬೆಲೆ ಬಂದದ್ದು 1997ರ ಕಾಯ್ದೆಯಿಂದ. ಪ್ರತಿ ಹೈಸ್ಕೂಲಿನ ಮೊದಲ ಶೇ 10ರಷ್ಟು ಮಕ್ಕಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಎಂದು ಆ ಕಾಯ್ದೆ ಹೇಳಿತು. ಎಲ್ಲರೂ ಬಯಸುವ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾಗ ಸಾಲದೆ ಆ ಮಿತಿ ಶೇ 6ಕ್ಕೆ ಇಳಿದಿತ್ತು. 2026ರಲ್ಲಿ ಸೇರುವವರಿಗೆ ಅದು ಶೇ 5. ಬಡ ಊರುಗಳ ಶಾಲೆಗಳಿಗೂ ಬಾಗಿಲು ತೆರೆಯಲೆಂದು ತಂದ ಕಾಯ್ದೆ, ಭಾರತೀಯರೂ ಚೀನೀಯರೂ ತುಂಬಿರುವ ಉಪನಗರಗಳಲ್ಲಿ ಮಕ್ಕಳನ್ನು ಆರ್ಟ್ ಕೋಣೆಯಿಂದ ದೂರ ಅಟ್ಟುತ್ತಿದೆ. ಕಾಯ್ದೆ ಬರೆದವರ ಕನಸಿನಲ್ಲೂ ಇದು ಇದ್ದಿರಲಾರದು.

ಬಿಡುಗಡೆಯ ದಾರಿಯೂ ಅಂಕದ ಲೆಕ್ಕದೊಳಗೇ ಇದೆ. ಕೆಳಗಿನ ತರಗತಿಗಳನ್ನು ಮುಗಿಸಿದವರಿಗೆ ‘ಎಪಿ ಆರ್ಟ್ ಅಂಡ್ ಡಿಸೈನ್’ ಸಿಗುತ್ತದೆ. ಅದರ ಅಂಕಕ್ಕೆ ಎಪಿ ವಿಷಯಗಳ ಪೂರ್ತಿ ತೂಕ. ಡ್ರಾಯಿಂಗ್, ಎರಡು ಆಯಾಮದ ವಿನ್ಯಾಸ, ಮೂರು ಆಯಾಮದ ವಿನ್ಯಾಸ ಎಂದು ಮೂರು ಬಗೆ. ಲಿಖಿತ ಪರೀಕ್ಷೆ ಇಲ್ಲವೇ ಇಲ್ಲ. ಮೇ ತಿಂಗಳಲ್ಲಿ ಕೃತಿಗಳ ಸಂಪುಟ ಒಪ್ಪಿಸಬೇಕು. ತಾವೇ ಎತ್ತಿಕೊಂಡ ಒಂದು ಪ್ರಶ್ನೆಯನ್ನು ವರ್ಷವಿಡೀ ಬೆನ್ನಟ್ಟಿದ್ದಕ್ಕೆ ಸಾಕ್ಷಿಯಾಗಿ 15 ಚಿತ್ರಗಳು, ಕೈಚಳಕ ತೋರಿಸುವ 5 ಕೃತಿಗಳು. ಮೊದಲನೆಯದಕ್ಕೆ ಶೇ 60, ಎರಡನೆಯದಕ್ಕೆ ಶೇ 40. ಆ 15ರಲ್ಲಿ ಮುಗಿದ ಚಿತ್ರಗಳಷ್ಟೇ ಅಲ್ಲ, ಕಚ್ಚಾ ಗೆರೆಗಳು, ಕೆಟ್ಟು ಬಿಟ್ಟ ಪ್ರಯತ್ನಗಳೂ ಸೇರಬಹುದು. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸುವಂತಿಲ್ಲ.

ವಲಸಿಗರ ಮನೆಯ ಮಕ್ಕಳು ಈ ಸಂಪುಟಕ್ಕೆ ಆರಿಸುವ ವಿಷಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಅರ್ಧ ಮುಖಕ್ಕೆ ಬೊಟ್ಟು ಮೂಗುತಿ, ಇನ್ನರ್ಧ ಮುಖಕ್ಕೆ ಹೆಡ್‌ಫೋನು ಹಾಕಿದ ‘ಎರಡು ಲೋಕ’ದ ಚಿತ್ರವನ್ನು ನೋಡಿ ನೋಡಿ ಆರ್ಟ್ ಶಿಕ್ಷಕರಿಗೆ ಸುಸ್ತಾಗಿರಬೇಕು, ನನಗಂತೂ ಆಗಿದೆ. ಮನೆಯ ಗ್ಯಾರೇಜಿನಲ್ಲಿ ಒಗ್ಗರಣೆಗೆಂದು ಇಟ್ಟುಕೊಂಡ ಎರಡನೇ ಸ್ಟವ್ವು, ಬೆಂಗಳೂರಿನಿಂದ ಬಂದ ಅಜ್ಜಿ ಆರು ತಿಂಗಳು ಕೂರುವ ಒಂದೇ ಕುರ್ಚಿ, ಬಾಗಿಲ ಮುಂದೆ ಹಾಕಿದ ಸ್ಟಿಕ್ಕರ್ ರಂಗೋಲಿ ಟೆಕ್ಸಾಸ್ ಬಿಸಿಲಿಗೆ ಸುಲಿದುಹೋಗುವ ಬಗೆ. 15 ಚಿತ್ರಗಳಿಗೆ ಸಾಕಾಗುವಷ್ಟು ಸರಕು ಮನೆಯಲ್ಲೇ ಬಿದ್ದಿರುತ್ತದೆ.

ಚಿತ್ರಕಲೆಯೇ ಬದುಕು ಎನ್ನುವ ಮಕ್ಕಳಿಗೆ ಸರ್ಕಾರಿ ಶಾಲೆಗಳೇ ಇವೆ, ಅದೂ ಶುಲ್ಕವಿಲ್ಲದೆ. ಡಾಲಸ್ಸಿನ ಬೂಕರ್ ಟಿ. ವಾಷಿಂಗ್ಟನ್ ಹೈಸ್ಕೂಲಿನ ಚರಿತ್ರೆ ಕಲೆಯಿಂದ ಶುರುವಾದದ್ದಲ್ಲ. 1922ರಲ್ಲಿ ಬಾಗಿಲು ತೆರೆದ ಅದರ ಇಟ್ಟಿಗೆ ಕಟ್ಟಡ ಕಪ್ಪು ಮಕ್ಕಳಿಗಾಗಿ ಕಟ್ಟಿದ್ದು. ಬಿಳಿಯರ ಶಾಲೆಗಳಿಗೆ ಅವರಿಗೆ ಪ್ರವೇಶವಿರಲಿಲ್ಲ. 1939ರಲ್ಲಿ ಲಿಂಕನ್ ಹೈಸ್ಕೂಲು ಶುರುವಾಗುವವರೆಗೆ ನಗರದ ಕಪ್ಪು ಜನರಿಗೆ ಇದ್ದದ್ದು ಇದೊಂದೇ ಹೈಸ್ಕೂಲು. ಗುಲಾಮಗಿರಿಯಿಂದ ಬಿಡುಗಡೆಯಾದವರು ಕಟ್ಟಿಕೊಂಡಿದ್ದ ಸುತ್ತಲಿನ ಕೇರಿಯನ್ನು ಮುಂದೆ ಹೆದ್ದಾರಿಗಳು ಸೀಳಿಕೊಂಡು ಹೋದವು. ವರ್ಣಭೇದ ನೀಗಿಸುವ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶ ವಿಲಿಯಂ ಟೇಲರ್ ಕೊಟ್ಟ ಆದೇಶದ ಫಲವಾಗಿ 1976ರಲ್ಲಿ ಇದು ಕಲಾ ಶಾಲೆಯಾಯಿತು. ಬಿಳಿಯ ಮಕ್ಕಳನ್ನು ಬಲವಂತವಾಗಿ ಬಸ್ಸಿಗೆ ಹತ್ತಿಸಿ ಕಪ್ಪು ಕೇರಿಗೆ ಕಳಿಸುವ ಬದಲು, ಅವರೇ ಬಯಸಿ ಬರುವಂಥ ಶಾಲೆಯನ್ನು ಅಲ್ಲಿ ಕಟ್ಟುವುದು ಲೆಕ್ಕಾಚಾರ. ಲೆಕ್ಕಾಚಾರ ಎಷ್ಟು ಫಲಿಸಿತೆಂದರೆ ಈಗ ಪರೀಕ್ಷೆ ದಾಟಿದವರಿಗೆ ಮಾತ್ರ ಸೀಟು.

ಪಂಡಿತ್ ರವಿಶಂಕರರ ಮಗಳು ನೋರಾ ಜೋನ್ಸ್, ಗಾಯಕಿ ಎರಿಕಾ ಬಡೂ ಇಲ್ಲಿ ಓದಿದವರು. ಹಾಡುಗಾರರ ಹೆಸರು ಹೊರಗೆ ಬೇಗ ಹರಡಿತು, ಚಿತ್ರ ವಿಭಾಗದವರಿಗೆ ಆ ಭಾಗ್ಯ ಕಡಿಮೆ. ಆದರೆ ನೆರೆಹೊರೆಯ ಭಾಗ್ಯ ಅವರದ್ದೇ. ಹಳೆಯ ಕಟ್ಟಡಕ್ಕೆ 2008ರಲ್ಲಿ ವಾಸ್ತುಶಿಲ್ಪಿ ಬ್ರ್ಯಾಡ್ ಕ್ಲೋಪ್‌ಫಿಲ್ ಹೊಸ ರೆಕ್ಕೆ ಜೋಡಿಸಿದರು. ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನ್ಯಾಷರ್ ಶಿಲ್ಪಕೇಂದ್ರ, ಡಾಲಸ್ ಕಲಾ ಸಂಗ್ರಹಾಲಯ, ಏಷ್ಯಾದ ಕಲೆಗೆ ಮೀಸಲಾದ ಕ್ರೋ ಸಂಗ್ರಹಾಲಯ. ಕೊನೆಯೆರಡಕ್ಕೆ ಪ್ರವೇಶ ಉಚಿತ.

ಹ್ಯೂಸ್ಟನ್ನಿನ ಶಾಲೆ ಇದಕ್ಕಿಂತ ಹಿರಿಯದು. ‘ಹೈಸ್ಕೂಲ್ ಫಾರ್ ದ ಪರ್ಫಾರ್ಮಿಂಗ್ ಅಂಡ್ ವಿಶುವಲ್ ಆರ್ಟ್ಸ್’ 1971ರಲ್ಲಿ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ನಾಟಕದ ಶಿಕ್ಷಕಿ ರೂತ್ ಡೆನ್ನಿ. 1982ರಲ್ಲಿ ಮಾಂಟ್‌ರೋಸ್ ಬಡಾವಣೆಗೆ ಹೋಗಿ, 2019ರ ಶುರುವಿನಲ್ಲಿ ನಗರದ ನಡುಮಧ್ಯದ ಹೊಸ ಕಟ್ಟಡಕ್ಕೆ ಬಂತು. ಕಿಂಡರ್ ಪ್ರತಿಷ್ಠಾನ 75 ಲಕ್ಷ ಡಾಲರ್ ಕೊಡಲು ಒಪ್ಪಿದ್ದಕ್ಕೆ 2016ರಲ್ಲಿ ಶಾಲೆಯ ಹೆಸರಿನ ಹಿಂದೆ ‘ಕಿಂಡರ್’ ಸೇರಿತು. ಸರ್ಕಾರಿ ಶಾಲೆಯ ಹೆಸರು ಮಾರಾಟಕ್ಕಿದೆಯೇ ಎಂದು ಹಳೆಯ ವಿದ್ಯಾರ್ಥಿಗಳೂ ಪಾಲಕರೂ ಸಿಟ್ಟಾದರು, ಹೆಸರು ಮಾತ್ರ ಉಳಿಯಿತು. ಆಸ್ಟಿನ್ನಿನಲ್ಲಿ ಮೆಕ್ಯಾಲಮ್ ಹೈಸ್ಕೂಲಿನೊಳಗೇ ಒಂದು ಲಲಿತಕಲಾ ಅಕಾಡೆಮಿ ಇದೆ. ಎಲ್ಲ ಕಡೆಯೂ ಆಯಾ ಡಿಸ್ಟ್ರಿಕ್ಟಿನ ನಿವಾಸಿಗಳಿಗೆ ಮೊದಲ ಆದ್ಯತೆ. ಉಪನಗರದ ನಮ್ಮ ಮಕ್ಕಳಿಗೆ ಮನೆಯ ವಿಳಾಸವೇ ಅಡ್ಡ ಬರುತ್ತದೆ.

ಅವರಿಗೆ ಉಳಿಯುವುದು ವಾರಾಂತ್ಯದ ತರಗತಿಗಳು. ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಗ್ಲಾಸೆಲ್ ಕಲಾ ಶಾಲೆಯಲ್ಲಿ ಮೂರು ವರ್ಷದ ಮಗುವಿನಿಂದ ಹದಿನೆಂಟರವರೆಗೂ ಕಲಿಸುತ್ತಾರೆ. ಸ್ಟೀವನ್ ಹೋಲ್ ರೂಪಿಸಿದ ಅದರ 2018ರ ಕಟ್ಟಡದ ಇಳಿಜಾರು ಚಾವಣಿಯನ್ನು ನೆಲದಿಂದಲೇ ಹತ್ತಿಹೋಗಬಹುದು. ಆಸ್ಟಿನ್ನಿನಲ್ಲಿ ಕೆರೆಯಂಚಿನ ಲಗೂನಾ ಗ್ಲೋರಿಯಾದ ಕಲಾ ಶಾಲೆ. ಇವಕ್ಕೆ ಶುಲ್ಕ ಇದೆ, ಕಡಿಮೆಯೇನಲ್ಲ. ಕಾಸಿಲ್ಲದೆ ನೋಡಬೇಕೆಂದರೆ ಹ್ಯೂಸ್ಟನ್ನಿನ ಮೆನಿಲ್ ಸಂಗ್ರಹಾಲಯ, ಅದರ ಪಕ್ಕದಲ್ಲೇ ಚಿತ್ರಕಾರ ರಾತ್ಕೊನ ಹೆಸರಿನ ಚಾಪೆಲ್. ಕಪ್ಪಿಗೆ ತಿರುಗಿದ ದೊಡ್ಡ ಕ್ಯಾನ್ವಾಸುಗಳ ನಡುವೆ ಕೂತ ಮಕ್ಕಳು ‘ಇಲ್ಲಿ ಏನೂ ಇಲ್ಲವಲ್ಲ’ ಎನ್ನುತ್ತಾರೆ. ಅನ್ನಲಿ, ಇನ್ನೈದು ನಿಮಿಷ ಕೂರಿಸಿ.

ಟೆಕ್ಸಾಸ್ ಅಂದ ಮೇಲೆ ದನದ ಜಾತ್ರೆ ಬಿಟ್ಟರೆ ಹೇಗೆ? ಮಾರ್ಚಿನಲ್ಲಿ ನಡೆಯುವ ಹ್ಯೂಸ್ಟನ್ ಲೈವ್‌ಸ್ಟಾಕ್ ಶೋ ಅಂಡ್ ರೋಡಿಯೊದಲ್ಲಿ ಹೋರಿ, ಕುರಿಗಳ ಜೊತೆಗೆ ಶಾಲಾ ಮಕ್ಕಳ ಚಿತ್ರಗಳೂ ಹರಾಜಾಗುತ್ತವೆ. ವಿಷಯ ಮಾತ್ರ ಪಶ್ಚಿಮದ ನಾಡಿನದ್ದೇ ಆಗಿರಬೇಕು: ಕುದುರೆ, ಕೌಬಾಯ್, ಉದ್ದ ಕೊಂಬಿನ ದನ, ತುಕ್ಕು ಹಿಡಿದ ಪಿಕಪ್ ಟ್ರಕ್ಕು. ತೈಲದ ದುಡ್ಡಿನ ಧಣಿಗಳು ಪೈಪೋಟಿಗೆ ಬಿದ್ದು ಕೂಗುತ್ತಾರೆ. ಮೊದಲ ಸ್ಥಾನದ ಚಿತ್ರ ಎರಡು ಲಕ್ಷ ಡಾಲರ್ ದಾಟಿದ್ದುಂಟು. ಅಷ್ಟೂ ಹಣ ಮಗುವಿನ ಕೈಗೆ ಬರುವುದಿಲ್ಲ. ಮಗುವಿನ ಪಾಲಿಗೆ ಒಂದು ಮಿತಿ ಇದೆ, ಉಳಿದದ್ದು ಬೇರೆ ಮಕ್ಕಳ ವಿದ್ಯಾರ್ಥಿವೇತನಕ್ಕೆ. ಬೂಟಿನ ಚರ್ಮದ ಒಂದೊಂದು ಸುಕ್ಕನ್ನೂ ಬಣ್ಣದ ಪೆನ್ಸಿಲ್ಲಿನಲ್ಲಿ ತಿಂಗಳುಗಟ್ಟಲೆ ತಿದ್ದಿದ ಈ ಚಿತ್ರಗಳನ್ನು ಕಲಾ ವಿಮರ್ಶಕರು ಮೂಸಿಯೂ ನೋಡಲಿಕ್ಕಿಲ್ಲ. ಆದರೆ ನಮ್ಮ ಹೈಯರ್ ಗ್ರೇಡಿನ ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಕೈಯ ಕಸುಬು ಇಲ್ಲಿ ಕಲಾ ಶಾಲೆಗಿಂತ ದನದ ಜಾತ್ರೆಯಲ್ಲಿ ಹೆಚ್ಚು ಮರ್ಯಾದೆ ಉಳಿಸಿಕೊಂಡಿದೆ.

ಇನ್ನು ಆ ಫಾರಂ ಹಿಡಿದು ಕೂತ ಅಪ್ಪ ಅಮ್ಮಂದಿರಿಗೆ. ಬಹಳಷ್ಟು ಡಿಸ್ಟ್ರಿಕ್ಟ್‌ಗಳಲ್ಲಿ ಆರ್ಟ್ ಒನ್ ಅನ್ನು ಎಂಟನೇ ತರಗತಿಯಲ್ಲೇ ತೆಗೆದುಕೊಂಡು ಹೈಸ್ಕೂಲಿನ ಕ್ರೆಡಿಟ್ ಪಡೆಯಬಹುದು. ಆಗ ಎಪಿ ತರಗತಿಗೆ ಒಂದು ವರ್ಷ ಮೊದಲೇ ತಲುಪಬಹುದು. ಕೆಲವೆಡೆ ಒಂದೆರಡು ವಿಷಯಗಳನ್ನು ಜಿಪಿಎ ಲೆಕ್ಕದಿಂದ ಹೊರಗಿಡಲು ಅವಕಾಶವಿದೆ, ಅರ್ಜಿಯನ್ನು ಗಡುವಿನೊಳಗೆ ಕೊಡಬೇಕು. ಎಲ್ಲವನ್ನೂ ಶಾಲೆಯ ಕೌನ್ಸೆಲರ್ ತಾವಾಗಿ ಹೇಳುತ್ತಾರೆಂದು ಕಾಯಬೇಡಿ, ಕೇಳಿ. ಹಾಗೆಯೇ ಒಮ್ಮೆ ಆರ್ಟ್ ಕೋಣೆಗೂ ಹೋಗಿ ಬನ್ನಿ: ಕುಲುಮೆ ಇದೆಯೇ, ಅಚ್ಚು ತೆಗೆಯುವ ಪ್ರೆಸ್ ಇದೆಯೇ, ವೇಸ್‌ಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಇದ್ದಾರೆಯೇ. ಎಲ್ಲ ಶಾಲೆಗಳಲ್ಲೂ ಎಲ್ಲವೂ ಇರುವುದಿಲ್ಲ.